ಆಣಿಕಲ್ಲು ಬಿದ್ದ ಮ್ಯಾಲ ಗಡ್ಡಿ ಹ್ಯಾಂಗ ಬದಕ್ತದ

ಬರ್ಫ ಅಂದ್ರ ನಮ್ಮ ಘಾಟಬೋರಾಳ ಮಂದಿಗಿ ಫ್ರಿಜ್ಜಿನಾಗಿಂದು, ಇಲ್ಲಾ ಜಾತ್ರ್ಯಾಗ ಕಡ್ಡಿಗಿ ಹಚ್ಚಿ ಕೆಂಪು ನೀರು ಸುರಿದು ಕೊಡೋದು. ಮುಗಲಿಂದ ಬೀಳೂದು ಆಣಿಕಲ್ಲು ಅಷ್ಟೇ. ಪೇಪರದಾಗ ಅದಕ್ಕ ಆಲಿಕಲ್ಲು ಅಂತ ಬರೀತಾರ. ಉಮರ್ಗಾ ಕಡಿಂದ ಬಂದ ಸೊಸಿಗೋಳು ಗಾರ ಅಂತಾರ. ಹೆಸರು ಏನೇ ಇರಲಿ, ಅದು ಬೀಳೂದು ಮಳಿಗಾಲದಾಗ ಅಲ್ಲ. ಶಿವರಾತ್ರಿ ಮುಗದು ಬಿಸಲು ಏರ್ಲಾಕ ಸುರು ಆದಾಗ, ಯುಗಾದಿ ಆಜುಬಾಜು. ಆ ಹೊತ್ತಿನಾಗ ಜ್ವಾಳ ರಾಶಿ ಆಗಿರ್ತದ ಇಲ್ಲಾ ಕಣದಾಗ ಇರ್ತದ, ಮಾವಿನ ಗಿಡದಾಗ ಕಾಯಿ ಗೋಲಿಯಷ್ಟು ಆಗಿರ್ತಾವ, ಮತ್ತ ಬೀಜಕ್ಕಂತ ಬಿಟ್ಟ ಉಳ್ಳಾಗಡ್ಡಿ ಹೊಲ ತುಂಬ ಬಿಳಿ ಗೊಂಡೆ ಹೊತ್ತು ನಿಂತಿರ್ತದ. ನನಗ ಹೇಳೋದು ಅದ ಆ ಉಳ್ಳಾಗಡ್ಡಿದು.

ಹೋದ ವರ್ಷ ನಮ್ಮ ನೆಗೆಣ್ಣಿ 20 ಗುಂಟಿ ಹೊಲದಾಗ ಉಳ್ಳಾಗಡ್ಡಿ ಬೀಜಕ್ಕ ಹಚ್ಚಿದ್ಲು. ಸಂಘದಾಗ 30 ಸಾವಿರ ಸಾಲ ತಗೊಂಡು. ಮಗಳದು ನರ್ಸಿಂಗ್ ಫೀ ಜೂನದಾಗ ಕಟ್ಟೋದಿತ್ತು, ಬೀಜ ಮಾರಿ ಕಟ್ಟಬೇಕು ಅಂತ ಲೆಕ್ಕ. ಭಾಳ ಮಂದಿಗಿ ಉಳ್ಳಾಗಡ್ಡಿ ಬೀಜ ಅಂದ್ರ ದುಕಾನದ ಪಾಕೀಟಿನಾಗ ಬರೋ ಕರಿ ಕಾಳು ಅಂತಷ್ಟೇ ಗೊತ್ತು. ಅದು ಹುಟ್ಟೋದು ಹಿಂಗ ನೋಡ್ರಿ: ಒಂದು ವರ್ಷ ಬೀಜ ಹಾಕಿದ್ರ ಗಡ್ಡಿ ಆಗ್ತದ. ಆ ಗಡ್ಡ್ಯಾಗ ಛಲೋ ಗುಂಡಗಿದ್ದವ, ಒಂದೇ ಬಣ್ಣದವ ಆರಿಸಿ ತೆಗೆದಿಟ್ಟು, ದಸರಾ ದೀಪಾವಳಿ ನಡುವ ತಿರುಗಿ ಭೂಮಿಗಿ ಊರಬೇಕು. ಸಂಕ್ರಾಂತಿ ದಾಟಿದ ಮ್ಯಾಲ ನಡುವಿಂದ ದಿಂಡು ಏಳ್ತದ, ಒಳಗ ಪೊಳ್ಳು, ಪೀಪಿ ಇದ್ದಂಗ. ದಿಂಡಿನ ತುದಿಗಿ ಪರದಿ ಮುಚ್ಚಿಕೊಂಡು ಮೊಗ್ಗಿ. ಪರದಿ ಹರದ್ರ ನೂರಾರು ಸಣ್ಣ ಹೂವಿನ ಗೊಂಡೆ. ಅದರಾಗ ಬೀಜ. ಎಪ್ರಿಲದಾಗ ಕೊಯ್ಯೋದು. ಎಕರೆಕ್ಕ ಆರು ಕ್ವಿಂಟಲ್ ಸುಮಾರು ಗಡ್ಡಿ ಊರಿದ್ರ, ಎಲ್ಲಾ ಛಲೋ ಆದ್ರ, ಮೂರು ಕ್ವಿಂಟಲ್ ತನಕ ಬೀಜ ಬರ್ತದ. ನೆಗೆಣ್ಣಿ ಅರ್ಧಾ ಎಕರೆಕ್ಕ ಮೂರು ಕ್ವಿಂಟಲ್ ಊರಿದ್ಲು. ಒಂದು ಕ್ವಿಂಟಲ್ ಬಂದ್ರೂ ಸಾಲ ಹರಿದು ಫೀಸಿಗಿ ಉಳೀತಿತ್ತು.

ಅದೇ ವರ್ಷ, ಅದೇ ಹಂಗಾಮಿನಾಗ, ನಮ್ಮಕ್ಕನ ಮಗಳು ಕೆನಡಾದ ಒಟ್ಟಾವಾದಾಗ 30 ಟ್ಯೂಲಿಪ್ ಗಡ್ಡಿ ಊರಿದ್ಲು. ಆಕಿ ಮದಿವಿ ಆಗಿ ಹೋಗಿ ಎರಡನೇ ಥಂಡಿಗಾಲ ಅದು. ಹೋದ ವರ್ಷ ಮನಿ ಒಳಗೇ ಕುಂತು ಅತ್ತಿದ್ಲು ಪಾಪ, ಐದು ತಿಂಗಳ ಹೊರಗ ಹಸರು ಕಾಣಂಗಿಲ್ಲ ಅಂತ. ಬಾಜೂ ಮನಿ ಮುದುಕಿ ಒಬ್ಬಾಕಿ ಅಕ್ಟೋಬರದಾಗ ಗಡ್ಡಿ ತಂದು ಕೊಟ್ಟು, ಇವು ಊರು, ಎಪ್ರಿಲ್ ತನಕ ಕಾಯಲಾಕ ಏನರೆ ಬೇಕಲ್ಲ ಅಂದಳಂತ. ಆಕಿ ಊರಿ ಫೋಟೋ ಕಳಿಸಿದಾಗ ನಾವೆಲ್ಲಾ ನಕ್ಕಿದ್ವಿ, ಕೆನಡಾಕ್ಕ ಹೋಗಿ ಉಳ್ಳಾಗಡ್ಡಿ ಹಚ್ಚಲಾಕತ್ತಾಳ ಅಂತ. ಖರೇನೇ ಹಂಗ ಕಾಣ್ತದ ಅದು, ಕಂದು ಸಿಪ್ಪಿ, ಮ್ಯಾಲ ಚೂಪು, ಬುಡಕ್ಕ ಬೇರಿನ ಚಕ್ಕಿ.

ಉಳ್ಳಾಗಡ್ಡಿ ಆಗಲಿ ಟ್ಯೂಲಿಪ್ ಆಗಲಿ, ಥಂಡಿ ಉಣ್ಣದೆ ಹೂ ಬಿಡಂಗಿಲ್ಲ. ಇದು ನನಗ ಬಹಳ ಸೋಜಿಗ ಅನಿಸ್ತದ. ಉಳ್ಳಾಗಡ್ಡಿಗಿ 8 ರಿಂದ 13 ಡಿಗ್ರಿ ಥಂಡಿ ಕೆಲವು ವಾರ ಸಿಗಬೇಕು. ನಮ್ಮ ಬೀದರ ಜಿಲ್ಲಾ ಎತ್ತರದ ಮ್ಯಾಲ ಅದ, ಡಿಸೆಂಬರ್ ಜನವರಿದಾಗ ರಾತ್ರಿ 10 ಡಿಗ್ರಿ ಆಜುಬಾಜು ಬರ್ತದ, ಒಮ್ಮೊಮ್ಮಿ ಅದಕ್ಕೂ ಕೆಳಗ. ಎಳ್ಳಾಮಾಸಿಗಿ ಭಜ್ಜಿ, ಸಜ್ಜಿ ರೊಟ್ಟಿ, ಕಡಬು ಬುಟ್ಟ್ಯಾಗ ಹೊತ್ತು ನಸುಕಿನಾಗ ಹೊಲಕ್ಕ ಹೋಗುವಾಗ ಕಿವಿಗಿ ಸೆರಗು ಸುತ್ತಿಕೊಳ್ತೀವಿ ನೋಡ್ರಿ, ಅದೇ ಥಂಡಿ ಗಡ್ಡಿಗಿ ಊಟ. ಅದು ಸಾಲ್ತದ ಅಂತಲೇ ನಮ್ಮ ಕಡಿ ಉಳ್ಳಾಗಡ್ಡಿ ಬೀಜ ಆಗೋದು. ಟ್ಯೂಲಿಪ್‌ಗಿ ಅಷ್ಟಕ್ಕ ಹೊಟ್ಟಿ ತುಂಬಲ್ಲ. ಅದಕ್ಕ 9 ಡಿಗ್ರಿಕಿಂತ ಕೆಳಗ 12 ರಿಂದ 16 ವಾರ ಬೇಕು. ಮೂರು ನಾಲ್ಕು ತಿಂಗಳ! ಅದಕ್ಕೇ ನಮ್ಮ ದೇಶದಾಗ ದೊಡ್ಡ ಟ್ಯೂಲಿಪ್ ತೋಟ ಇರೋದು ಶ್ರೀನಗರದಾಗ, ದಾಲ್ ಸರೋವರದ ಬಾಜೂಕ್ಕ ಝಬರವಾನ್ ಗುಡ್ಡದ ಬುಡಕ್ಕ. ಫೋನಿನಾಗ ಟ್ಯೂಲಿಪ್ ಗಡ್ಡಿ ತರಿಸಿ ಕುಂಡದಾಗ ಹಚ್ಚಬೇಕು ಅನ್ನೋ ಅಕ್ಕಂದೇರಿಗಿ ಇಲ್ಲೇ ಹೇಳ್ತೀನಿ, ರೊಕ್ಕ ಹಾಳು ಮಾಡ್ಕೋಬ್ಯಾಡ್ರಿ. ಥಂಡಿ ಕೋಣ್ಯಾಗ ಇಟ್ಟು ಕಳಿಸಿದ್ದಾದ್ರ ಒಂದು ಸಲ ಹೂ ಬಿಟ್ಟರೂ ಬಿಟ್ಟೀತು, ಮರುವರ್ಷ ಬರೇ ಎಲಿ. ಅದರ ಬದಲಿ ಎರಡು ನಿಶಿಗಂಧ ಗಡ್ಡಿ ಊರ್ರಿ, ಸಂಜಿಗಿ ಅಂಗಳ ತುಂಬ ವಾಸನಿ.

ಆಣಿಕಲ್ಲು ಬಿದ್ದಿದ್ದು ಮಾರ್ಚ್ ನಡುವ, ಮಧ್ಯಾಹ್ನ ನಾಲ್ಕಕ್ಕ. ಅವತ್ತು ಮುಂಜಾನಿಂದ ಉಬ್ಬಿ ಇತ್ತು, ರೊಟ್ಟಿ ಬಡಿಯುವಾಗ ಬೆವರು ಹಿಟ್ಟಿನಾಗ ಬೀಳ್ತಿತ್ತು. ಅಂಥ ದಿನಾನೇ ಇದು ಬರ್ತದ. ನೆಲ ಕಾದು ಬಿಸಿ ಗಾಳಿ ಜೋರು ಮ್ಯಾಲ ಏರ್ತದ, ಸಮುದ್ರದ ಕಡಿಂದ ಬಂದ ಹಸಿ ಗಾಳಿನ್ನೂ ಎತ್ತಿಕೊಂಡು ಹೋಗ್ತದ. ಭಾಳ ಮ್ಯಾಲ ಹೋದ್ರ ಅಲ್ಲಿ ಸೊನ್ನಿಕಿಂತ ಕೆಳಗಿನ ಥಂಡಿ, ನೀರು ಹೆಪ್ಪುಗಟ್ಟತದ. ಕೆಳಗಿನ ಗಾಳಿ ಅದನ್ನ ಬೀಳಗೊಡಂಗಿಲ್ಲ, ಅಲ್ಲೇ ಎತ್ತಿ ಹಿಡಿತದ, ಮ್ಯಾಲ ಮತ್ತ ನೀರು ಅಂಟಿ ಮತ್ತ ಹೆಪ್ಪು. ಗಾಳಿಗಿ ಹೊರಲಾರದಷ್ಟು ಭಾರ ಆದಾಗ ಬೀಳ್ತದ. ದೊಡ್ಡದೊಂದು ಆಣಿಕಲ್ಲು ಒಡದು ನೋಡ್ರಿ, ಒಳಗ ಒಂದು ಬಿಳಿ ಪದರ, ಒಂದು ಗಾಜಿನಂಥ ಪದರ, ಮತ್ತ ಬಿಳಿ. ಹೆಚ್ಚಿದ ಉಳ್ಳಾಗಡ್ಡಿ ಇದ್ದಂಗೇ. ಉಳ್ಳಾಗಡ್ಡಿ ಹೊಡಿಲಾಕ ಉಳ್ಳಾಗಡ್ಡಿ ರೂಪದಾಗೇ ಬಂದಿತ್ತು ಅಂತ ನಮ್ಮತ್ತಿ ಆಮ್ಯಾಲ ಅಂದ್ಲು.

ಕಾಲು ತಾಸು ಬಿತ್ತು, ಹೆಚ್ಚಿಲ್ಲ. 2014ರದು ನೆನಪಿದ್ದವರಿಗಿ ಇದು ಏನೂ ಅಲ್ಲ. ಆ ವರ್ಷ ಫೆಬ್ರುವರಿ ಕಡಿ ವಾರದಿಂದ ಮಾರ್ಚ್ ನಡುತನಕ ಮರಾಠವಾಡಾ, ನಮ್ಮ ಬೀದರ, ಆಗಿನ ಗುಲಬರ್ಗಾ, ಬಿಜಾಪುರ ಎಲ್ಲಾ ಕಡಿ ಬಡದಿತ್ತು. ಮತ್ತ ಮತ್ತ ಬಂದಿತ್ತು, ಕಡ್ಲಿ, ಜ್ವಾಳ, ದ್ರಾಕ್ಷಿ ಯಾವುದೂ ಉಳಿದಿರಲಿಲ್ಲ. ಆದ್ರ ಒಂದು ಮನಿಗಿ ಬಡಿದ್ರ ಆ ಮನಿಗಿ ಅದೇ 2014. ನೆಗೆಣ್ಣಿ ಓಡಿ ಹೋದಾಗ ಹೊಲ ಬಿಳುಪು ಇತ್ತು, ಮೊದಲೂ ಬಿಳುಪೇ ಇತ್ತು, ಹೂವಿಂದು. ಈಗ ಗೊಂಡೆಗಳೆಲ್ಲಾ ನೆಲಕ್ಕ. ದಿಂಡು ಪೊಳ್ಳಿರ್ತದಲ್ಲ, ನಡುವ ಬಡಿದ್ರ ಮಡಚಿ ಬೀಳ್ತದ, ಮಡಚಿದ್ದು ತಿರುಗಿ ಎತ್ತಲಾಕ ಆಗಂಗಿಲ್ಲ. ಸಾಲು ಎಣಿಸಿದ್ರ ಹತ್ತರಾಗ ಆರು ದಿಂಡು ಮುರದಿದ್ವು. ಆಕಿ ಬದುವಿನ ಮ್ಯಾಲ ಕುಂತುಬಿಟ್ಟಳು. ಅಳಲಿಲ್ಲ. ಸೆರಗಿನಾಗ ಆಣಿಕಲ್ಲು ಹಿಡಕೊಂಡು ಕರಗೋ ತನಕ ನೋಡ್ತಾ ಕುಂತಿದ್ಲು.

ಸಂಜಿಗಿ ಮನ್ಯಾಗ ಮಾತು ಎದ್ದಿತು. ಮೈದುನ ಅಂದ, ಎಲ್ಲಾ ಕಿತ್ತು ಹಾಕು, ಬಾವ್ಯಾಗ ಇನ್ನೂ ನೀರು ಅದ, ಬ್ಯಾಸಿಗಿ ಹೆಸರು ಬಿತ್ತಿದ್ರ ಖರ್ಚರೆ ಬರ್ತದ. ಗಡ್ಡಿ ಕಿತ್ತು ಬಜಾರಕ್ಕ ಕಳಿಸು ಅಂತ ಇನ್ನೊಬ್ಬರು. ಅದಕ್ಕ ನಮ್ಮತ್ತಿ ಅಡಗಿ ಮನ್ಯಾಗಿಂದ ಈಳಿಗಿ ತಂದು, ನೆಗೆಣ್ಣಿ ಹೊಲದಿಂದ ಕಿತ್ತು ತಂದಿದ್ದ ಒಂದು ಗಡ್ಡಿ ನಟ್ಟ ನಡುವ ಉದ್ದಕ್ಕ ಸೀಳಿದ್ಲು.

ನೀವೂ ಒಮ್ಮಿ ನೋಡ್ರಿ. ನಾವು ದಿನಾ ಅಡ್ಡ ಹೆಚ್ಚತೀವಿ, ಬಳಿ ಬಳಿ ಕಾಣ್ತಾವ. ಉದ್ದಕ್ಕ ಬುಡದಿಂದ ತುದಿತನಕ ಸೀಳಿದ್ರ ಬ್ಯಾರೇನೇ ಕಾಣ್ತದ. ಬುಡಕ್ಕ ಗಟ್ಟಿ ಬಿಳಿ ಬಿಲ್ಲಿ ಇರ್ತದಲ್ಲ, ನಾವು ಕೊಯ್ದು ಒಗಿಯೋದು, ಗಿಡದ ಖರೇ ದಂಟು ಅದೇ. ಪದರು ಪದರು ಅನ್ನೋವೆಲ್ಲಾ ಎಲಿಗಳ ಬುಡ, ಉಬ್ಬಿ ಬುತ್ತಿ ತುಂಬಿಕೊಂಡಿರ್ತಾವ. ನಡುವ ಸಣ್ಣ ಹಸರು ಮೊಳಕಿ. ಒಂದೇ ಇರಂಗಿಲ್ಲ ಅದು. ದಪ್ಪ ಗಡ್ಡಿ ಆದ್ರ ಎರಡು, ಮೂರು, ನಾಲ್ಕು ಕಣ್ಣು ಇರ್ತಾವ, ಅದಕ್ಕೇ ಒಂದು ಗಡ್ಡಿಗಿ ನಾಲ್ಕೈದು ದಿಂಡು ಏಳ್ತಾವ. ಎಲ್ಲಾ ಒಮ್ಮೆಲೇ ಏಳಂಗಿಲ್ಲ, ಒಂದಾದ ಮ್ಯಾಲ ಒಂದು. ಅತ್ತಿ ಸೀಳಿದ ಗಡ್ಡ್ಯಾಗ ಹೊರಗಿನ ಪದರು ಸೊರಗಿ ಕಾಗದ ಆಗಿದ್ವು, ಬುತ್ತಿ ಎಲ್ಲಾ ದಿಂಡಿಗಿ ಏರಿ ಹೋಗಿತ್ತು. ಅಂಥ ಗಡ್ಡಿಗಿ ಬಜಾರದಾಗ ಯಾರು ರೊಕ್ಕ ಕೊಡ್ತಾರ? ಆದ್ರ ಬುಡದಾಗ ಒಂದು ದಿಂಡು ಇನ್ನೂ ಬೆರಳಷ್ಟೇ ಇತ್ತು, ಎಲಿ ಮರಿಗಿ ಕುಂತಿತ್ತು, ಆಣಿಕಲ್ಲು ಅದಕ್ಕ ಮುಟ್ಟಿರಲಿಲ್ಲ. "ಇದು ಇನ್ನೂ ಬರೋದದ. ಬರೋದನ್ನ ಯಾಕ ಕಿತ್ತತೀರಿ?" ಅಂದ್ಲು ಅತ್ತಿ. ಆಕಿ ಶಾಲಿಗಿ ಹೋದಾಕಿ ಅಲ್ಲ. ನಲವತ್ತು ವರ್ಷ ಉಳ್ಳಾಗಡ್ಡಿ ಹೆಚ್ಚಿದ ಕೈ.

ನೆಗೆಣ್ಣಿ ಕೀಳಲಿಲ್ಲ.

ಮರುದಿನ ಮಾಡಿದ ಕೆಲಸ ಇಷ್ಟು. ಮೊದಲು ಫೋಟೋ. ಬೆಳಿ ವಿಮಾ ಕಟ್ಟಿದವರು ಆಣಿಕಲ್ಲು ಬಿದ್ರ 72 ತಾಸಿನ ಒಳಗ ತಿಳಿಸಬೇಕು, ಇದು ನೆನಪಿಟ್ಟುಕೊಳ್ರಿ, ನಾಲ್ಕನೇ ದಿನ ಹೋದ್ರ ಕೆಲಸ ಆಗಂಗಿಲ್ಲ. ಸರಕಾರದ ಪರಿಹಾರ ಬ್ಯಾರೆ, ಅದಕ್ಕ ನೂರಕ್ಕ 33 ಪಾಲಾದರೂ ಬೆಳಿ ಹಾಳಾಗಿರಬೇಕು. 2015ಕಿಂತ ಮೊದಲು 50 ಪಾಲು ಹಾಳಾಗಬೇಕಿತ್ತು. ಆಮ್ಯಾಲ ಮುರದ ದಿಂಡೆಲ್ಲಾ ಮುರದ ಜಾಗದ ಕೆಳಗ ಕೊಯ್ದು ತೆಗೆದ್ವಿ, ಹಂಗೇ ಬಿಟ್ಟರ ಪೊಳ್ಳಿನಾಗ ನೀರು ನಿಂತು ಕೊಳೀತದ. ಎಲಿ ಮಾತ್ರ ಎಷ್ಟು ಹರಕಾಗಿದ್ರೂ ಮುಟ್ಟಲಿಲ್ಲ. ಗಾಯ ಆದ ಎಲಿಗಿ ನೇರಳೆ ಮಚ್ಚಿ ರೋಗ ಲಗೂನ ಹತ್ತತದ, ಅದಕ್ಕ ಮ್ಯಾಂಕೋಜೆಬ್ ಒಂದು ಲೀಟರಿಗಿ ಎರಡೂವರೆ ಗ್ರಾಂನಂಗ ಸಂಜಿ ಹೊತ್ತು ಹೊಡದ್ಲು, ಜೇನಹುಳ ಮನಿಗಿ ಹೋದ ಮ್ಯಾಲ. ಕೀಡಿ ಔಷಧ ಹೊಡಿಬಾರದು ಆಗ, ಜೇನು ಸತ್ರ ಉಳ್ಳಾಗಡ್ಡಿ ಬೀಜ ಕಟ್ಟಂಗಿಲ್ಲ. ಅದರ ಹೂವಿನಾಗ ಗಂಡು ಭಾಗ ಮೊದಲು ಬಲೀತದ, ಹೆಣ್ಣು ಭಾಗ ಆಮ್ಯಾಲ, ತನ್ನಷ್ಟಕ್ಕ ತಾನೇ ಆಗಂಗಿಲ್ಲ. ಒಂದರಿಂದ ಒಂದಕ್ಕ ಒಯ್ಯಲಾಕ ಜೇನು ಬೇಕೇ ಬೇಕು.

ಕೊಯ್ದ ದಿಂಡು ಒಂದು ಬಂಡಿ ಆಯ್ತು. ಎಳೀವು ಮೊಗ್ಗಿ ಸಮೇತ ಸಣ್ಣಗ ಹೆಚ್ಚಿ ಕಡ್ಲಿ ಹಿಟ್ಟು ಹಾಕಿ ಝುಣಕ ಮಾಡಿದ್ವಿ, ಓಣಿಗೆಲ್ಲಾ ಹಂಚಿದ್ವಿ. ಆಣಿಕಲ್ಲಿನ ಝುಣಕ ಅಂತ ಹುಡುಗ್ರು ಹೆಸರಿಟ್ಟವು. ಬಲಿತದ್ದು ನಾರು, ಬಾಯಿಗಿ ಬರಂಗಿಲ್ಲ. ಅದನ್ನ ದನಕ್ಕ ಹಾಕ್ಲಾಕ ಒಬ್ಬರು ಕೇಳಿದ್ರು, ನಾನು ಬ್ಯಾಡ ಅಂದೆ. ಉಳ್ಳಾಗಡ್ಡಿ ದನಕ್ಕ ಹೆಚ್ಚಾದ್ರ ರಕ್ತ ಒಡೀತದ, ಉಚ್ಚಿ ಕೆಂಪು ಹೋಗ್ತದ, ಎಮ್ಮಿ ಸಾಯತನಕ ಬರ್ತದ. ತಿಪ್ಪಿಗಿ ಹಾಕಿದ್ವಿ.

ಇದೆಲ್ಲಾ ಆಗಿ ತಿಂಗಳ ಆಗಿತ್ತು, ಎಪ್ರಿಲ್ ನಡುವ ಒಂದಿನ ರಾತ್ರಿ ಒಟ್ಟಾವಾದಿಂದ ಫೋನ್. "ಚಿಗವ್ವಾ, ಎಲ್ಲಾ ಹೋಯ್ತು" ಅಂತ. ಗಾಬರಿ ಆಯ್ತು ನನಗ. ಏನಂದ್ರ, ಟ್ಯೂಲಿಪ್ ಎಲಿ ಗೇಣುದ್ದ ಬಂದಿದ್ವು, ನಾಕೈದು ಮೊಗ್ಗಿ ತೆಲಿ ಎತ್ತಿದ್ವು, ರಾತ್ರೋರಾತ್ರಿ ಬರ್ಫ ಬಿದ್ದು ಮುಚ್ಚಿ ಹೋಗ್ಯಾವ. ವಿಡಿಯೋದಾಗ ತೋರಿಸಿದ್ಲು, ಬಿಳಿ ನೆಲದಾಗ ಹಸರು ತುದಿ ನಾಕು, ಅವೂ ಬಾಡಿ ಜೋತು ಬಿದ್ದಾವ. ಇದರ ಸಲುವಾಗಿ ಅಳ್ತಾರೇನು ಅಂತ ಅನಬಾರದು. ಐದು ತಿಂಗಳ ಕಾದವರಿಗಿ ಗೊತ್ತು. ಆಕಿ ಬಕೀಟಿನಾಗ ಬಿಸಿ ನೀರು ತಗೊಂಡು ಹೊಂಟಿದ್ಲು, ಬರ್ಫ ಕರಗಿಸಲಾಕ. ತಡಿ ತಡಿ ಅಂದು ನಿಲ್ಲಿಸಿದೆ.

ಬರ್ಫ ಹೊದ್ದ ಗಿಡ ಥಂಡಿಗಿ ಸಾಯೋದಿಲ್ಲ, ಬರ್ಫಿನಿಂದ ಬದಕ್ತದ. ಹೊಸದಾಗಿ ಬಿದ್ದ ಮೆತ್ತನ ಬರ್ಫಿನಾಗ ಹತ್ತರಾಗ ಒಂಬತ್ತು ಪಾಲು ಗಾಳಿನೇ ಇರ್ತದ. ನಮ್ಮ ಕೌದಿ ಹ್ಯಾಂಗ ಬೆಚ್ಚಗ ಇಡ್ತದ? ಹಳಿ ಸೀರಿ ನಡುವ ಗಾಳಿ ಹಿಡಕೊಂಡಿರ್ತದ, ಅದಕ್ಕೇ. ಹೊರಗ ಸೊನ್ನಿಕಿಂತ ಹತ್ತು ಡಿಗ್ರಿ ಕೆಳಗ ಇದ್ರೂ ದಪ್ಪ ಬರ್ಫಿನ ಬುಡಕ್ಕ ನೆಲ ಸೊನ್ನಿ ಆಜುಬಾಜೇ ಇರ್ತದ. ಖರೇ ಅಪಾಯ ಬರ್ಫ ಇಲ್ಲದ ಬರಿ ರಾತ್ರಿದು, ಮುಗಲು ಸ್ವಚ್ಛ ಇದ್ದು ಗಾಳಿ ನಿಂತಾಗ ಬೀಳೋ ಒಣ ಇಬ್ಬನಿ ಹೆಪ್ಪಿಂದು. ಅದಕ್ಕೂ ಗಡ್ಡಿ ಮೊದಲೇ ತಯಾರಿ ಮಾಡ್ಕೊಂಡಿರ್ತದ. ಥಂಡಿ ಬೀಳ್ತಿದ್ದಂಗ ಒಳಗಿನ ಗಂಜಿಪುಡಿಯಂಥದು ಒಡದು ಸಕ್ಕರಿ ಆಗ್ತದ. ಸಕ್ಕರಿ ನೀರು ಲಗೂ ಹೆಪ್ಪುಗಟ್ಟಂಗಿಲ್ಲ. ಪಾಕ ಮಾಡಿ ಫ್ರಿಜ್ಜಿನ ಬರ್ಫದ ಖಾನಿದಾಗ ಇಟ್ಟು ನೋಡ್ರಿ, ನೀರು ಕಲ್ಲಾದಾಗ್ಲೂ ಪಾಕ ಮೆತ್ತಗೇ ಇರ್ತದ.

ಎಲಿ ಬಾಡಿ ಬಿದ್ದಿದ್ದೂ ಸಾವಲ್ಲ. ಥಂಡಿ ಹೆಚ್ಚಾದಾಗ ಎಲಿ ಒಳಗಿನ ಸಣ್ಣ ಸಣ್ಣ ಕೋಣಿಗಳಾಗಿಂದ ನೀರು ಹೊರಗಿನ ಸಂದಿಗಿ ಬರ್ತದ, ಸಂದ್ಯಾಗೇ ಹೆಪ್ಪುಗಟ್ಟತದ. ಕೋಣಿ ಒಳಗ ಹೆಪ್ಪಾದ್ರ ಗ್ವಾಡಿ ಒಡದು ಸಾಯ್ತದ, ಸಂದ್ಯಾಗ ಆದ್ರ ಏನೂ ಆಗಂಗಿಲ್ಲ. ನೀರು ಕಮ್ಮಿ ಆಗಿದ್ದಕ್ಕ ಎಲಿ ಜೋತು ಬೀಳ್ತದ ಅಷ್ಟೇ. ಬಿಸಲು ಬಂದು ಹೆಪ್ಪು ಸಾವಕಾಶ ಕರಗಿದ್ರ ನೀರು ತಿರುಗಿ ಒಳಗ ಹೋಗ್ತದ, ಎಲಿ ಎದ್ದು ನಿಲ್ತದ. ಬಿಸಿ ನೀರು ಸುರದ್ರ ಸಾವಕಾಶ ಅನ್ನೋದು ಎಲ್ಲಿ ಬಂತು? ಅದಕ್ಕೇ ತಡದೆ. ಮೊಗ್ಗಿ ಬಿಗಿ ಮುಚ್ಚಿ ಹಸರು ಇದ್ದಾಗ ಸೊನ್ನಿಕಿಂತ ಎರಡ್ಮೂರು ಡಿಗ್ರಿ ಕೆಳಗ ತಡೀತದ. ಅರಳಿದ ಹೂವಿಗಿ ಆ ತಾಕತ್ತು ಇಲ್ಲ, ಅದರ ಪಕಳಿ ಗಾಜಿನಂಗ ಆಗಿ ಕಂದಿ ಹೋಗ್ತದ. ಟ್ಯೂಲಿಪ್ ಹೂ ಥಂಡಿ ಆದ್ರ ತಾನೇ ಮುಚ್ಚಿಕೊಳ್ತದ, ಬಿಸಲಿಗಿ ತೆರೀತದ, ಅದೂ ಒಂದು ಕಾವಲೇ. ಇವಕ್ಕಿಂತ ಮೊದಲು ಏಳೋ ಸ್ನೋಡ್ರಾಪ್ ಅಂತ ಒಂದು ಸಣ್ಣ ಬಿಳಿ ಹೂ ಅದ, ಅದರ ಎಲಿ ತುದಿ ಗಟ್ಟಿಯಾಗಿ ಹೆಪ್ಪು ನೆಲ ತೂರಿ ಬರ್ಲಾಕಂತಲೇ ಇರ್ತದಂತ.

ಆಕಿ ಗಡ್ಡಿ ಆರು ಇಂಚು ಆಳ ಊರಿದ್ಲು, ಅದೂ ಪುಣ್ಯ. ಗಡ್ಡಿ ಎತ್ತರದ ಮೂರು ಪಟ್ಟು ಆಳ ಅನ್ನೋದು ಲೆಕ್ಕ. ಅಳಿಲಿಗೂ ಅಷ್ಟು ಆಳ ತೋಡೋದು ಬ್ಯಾಸರ. ಅಲ್ಲಿ ಅಳಿಲು ಟ್ಯೂಲಿಪ್ ಗಡ್ಡಿ ಕದ್ದು ತಿಂತಾವಂತ, ಡ್ಯಾಫಡಿಲ್ ಗಡ್ಡಿ ಮಾತ್ರ ಮುಟ್ಟಂಗಿಲ್ಲ, ಅದು ವಿಷ. ಇದೊಂದು ನಮ್ಮ ಹೆಣ್ಮಕ್ಕಳು ಪರದೇಶದಾಗ ಇದ್ದವರು ಲಕ್ಷ್ಯ ಇಡಬೇಕು. ಡ್ಯಾಫಡಿಲ್ ಗಡ್ಡಿ ಥೇಟ ಉಳ್ಳಾಗಡ್ಡಿ. ಅಡಗಿ ಮನಿ ಬುಟ್ಟ್ಯಾಗ ಕೂಡಿಸಿ ಇಟ್ಟಿರಿ, ಯಾರೋ ಸಾರಿಗಿ ಹೆಚ್ಚಿ ಹಾಕಿದ್ರು ಅಂದ್ರ ವಾಂತಿ ಭೇದಿ ಹತ್ತತದ. ನಮ್ಮ ಕಡಿನೂ ಗುಡ್ಡದಾಗ ಕಾಡ ಉಳ್ಳಾಗಡ್ಡಿ ಬರ್ತದಲ್ಲ, ಬ್ಯಾಸಿಗ್ಯಾಗ ಎಲಿ ಇಲ್ಲದೆ ಬರೇ ಕಡ್ಡಿಗಿ ಹೂ ಬಿಡ್ತದ, ಅದೂ ತಿನ್ನಂಥದಲ್ಲ.

ಮೂರನೇ ದಿನ ಫೋಟೋ ಬಂತು, ಎಲಿ ಎಲ್ಲಾ ಎದ್ದು ನಿಂತಿದ್ವು. ಮೊಗ್ಗಿನಾಗ ಎರಡು ಕರಕಾಗಿದ್ವು, ಉಳದಿದ್ದು ಅರಳಿದ್ವು. ಆಮ್ಯಾಲ ಬಾಜೂ ಮನಿ ಮುದುಕಿ ಆಕಿಗಿ ಒಟ್ಟಾವಾದ ಟ್ಯೂಲಿಪ್ ಹಬ್ಬಕ್ಕ ಕರಕೊಂಡು ಹೋಗಿ ಹೇಳಿದ ಕಥಿ ನನಗ ಭಾಳ ಸೇರಿತು, ಅದಕ್ಕ ಇಲ್ಲಿ ಬರೀತೀನಿ.

ಎರಡನೇ ಮಹಾಯುದ್ಧದಾಗ, 1940ರ ಮೇ ತಿಂಗಳಾಗ ಜರ್ಮನಿ ಹಾಲಂಡ್ ದೇಶ ಹಿಡೀತು. ಅಲ್ಲಿನ ರಾಜಕುಮಾರಿ ಜುಲಿಯಾನಾ ಎರಡು ಹೆಣ್ಣುಕೂಸು ಕರಕೊಂಡು ಒಟ್ಟಾವಾಕ್ಕ ಬಂದು ಉಳದ್ಲು. 1943ರ ಜನವರಿ 19ಕ್ಕ ಅಲ್ಲಿನ ದವಾಖಾನ್ಯಾಗ ಮೂರನೇದೂ ಹೆಣ್ಣು ಹಡದ್ಲು, ಮಾರ್ಗ್ರೀಟ್ ಅಂತ ಹೆಸರಿಟ್ರು. ಕೂಸು ಕೆನಡಾದ ನೆಲದಾಗ ಹುಟ್ಟಿದ್ರ ಕೆನಡಾದ ಪ್ರಜೆ ಆಗ್ತದ, ಅದಕ್ಕ ಕೆನಡಾ ಸರಕಾರ ಹಡಿಯೋ ಕೋಣಿ ತನ್ನ ದೇಶದ ಹೊರಗಿನದು ಅಂತ ಸಾರಿಬಿಟ್ಟಿತು. ಬಾಣಂತಿ ಸಲುವಾಗಿ ಒಂದು ದೇಶ ತನ್ನ ನೆಲಾನೇ ಸರಿಸಿತು ನೋಡ್ರಿ! ಅತ್ತ ಹಾಲಂಡಿನಾಗ 1944-45ರ ಥಂಡಿಗಾಲಕ್ಕ ಮಂದಿಗಿ ಊಟ ಇರಲಿಲ್ಲ, ಹಸಿವಿನ ಚಳಿಗಾಲ ಅಂತಲೇ ಅದಕ್ಕ ಹೆಸರು. ಆಗ ಅವರು ತಿಂದಿದ್ದು ಟ್ಯೂಲಿಪ್ ಗಡ್ಡಿ. ನಡುವಿನ ಹಳದಿ ಮೊಳಕಿ ತೆಗೆದು, ಕುದಿಸಿ, ಇಲ್ಲಾ ಒಣಗಿಸಿ ಹಿಟ್ಟು ಮಾಡಿ. ಅದೇ 1945ರ ಕಡೀಕ್ಕ ಯುದ್ಧ ಮುಗದ ಮ್ಯಾಲ ಜುಲಿಯಾನಾ ಒಟ್ಟಾವಾಕ್ಕ ಒಂದು ಲಕ್ಷ ಟ್ಯೂಲಿಪ್ ಗಡ್ಡಿ ಕಳಿಸಿದ್ಲು, ಬಾಣಂತನದ ಉಪಕಾರಕ್ಕ, ಕೆನಡಾದ ಸೈನಿಕರ ಉಪಕಾರಕ್ಕ. ಈಗಲೂ ಪ್ರತಿ ವರ್ಷ ಅಲ್ಲಿಂದ ಗಡ್ಡಿ ಬರ್ತಾವ. 1953ರಿಂದ ಹಬ್ಬ ನಡೀಲಾಕತ್ತದ. ಹಿಂದಿನ ವರ್ಷ ಹೊಟ್ಟಿಗಿ ತಿಂದ ಗಡ್ಡಿ ಮರುವರ್ಷ ಉಡಿ ತುಂಬಿದಂಗ ಕಳಿಸಿದ್ರು ಅಂತ ನಮ್ಮಕ್ಕ ಅಂದ್ಲು. ಉಡಿ ತುಂಬೋದು ಅನ್ನೋದಕ್ಕ ಇದಕ್ಕಿಂತ ಬ್ಯಾರೆ ಮಾತಿಲ್ಲ.

ಹೂ ಉದರಿದ ಮ್ಯಾಲ ಹುಡುಗಿ ಮತ್ತ ಫೋನ್ ಮಾಡಿದ್ಲು, ಎಲಿ ಅಸಹ್ಯ ಕಾಣ್ತಾವ ಚಿಗವ್ವಾ, ಕೊಯ್ದು ಹಾಕಲೇನು ಅಂತ. ಮುಟ್ಟಬ್ಯಾಡ ಅಂದೆ. ಟ್ಯೂಲಿಪ್ ಊರಿದ ಗಡ್ಡಿ ಆ ವರ್ಷದ ಹೂವಿಗೇ ಕರಗಿ ಹೋಗ್ತದ, ಪದರಿನ ಸಂದಿಂದ ಹೊಸ ಗಡ್ಡಿ ಹುಟ್ಟತದ. ಆ ಹೊಸದಕ್ಕ ಬುತ್ತಿ ಕಟ್ಟೋದು ಈ ಎಲಿನೇ. ಹಳದಿ ಆಗಿ ತಾನೇ ಬೀಳೋ ತನಕ ಬಿಡಬೇಕು. ಬ್ಯಾಸಿಗ್ಯಾಗ ಗಡ್ಡಿ ಮಲಗಿದಂಗ ಕಾಣ್ತದ, ಒಳಗ ಮರುವರ್ಷದ ಹೂ ಆಗಲೇ ತಯಾರಾಗ್ತಿರ್ತದ, ಸೀಳಿ ನೋಡಿದ್ರ ಕಣ್ಣಿಗಿ ಕಾಣಷ್ಟು. ಅಂದ್ರ ಮುಂದಿನ ಎಪ್ರಿಲದ ಬರ್ಫ ಬೀಳೋ ಹೊತ್ತಿಗಿ ಹೂ ಹುಟ್ಟಿ ಅರ್ಧಾ ವರ್ಷ ಮ್ಯಾಲಾಗಿರ್ತದ.

ನಮ್ಮ ಉಳ್ಳಾಗಡ್ಡಿಗಿ ಆ ಸುಖ ಇಲ್ಲ. ಅದು ಒಂದು ಸಲ ಬೀಜ ಕಟ್ಟಲಾಕ ಇದ್ದದ್ದೆಲ್ಲಾ ಸುರೀತದ, ಮುಂದಿನ ವರ್ಷಕ್ಕ ಏನೂ ಹಿಡದಿಟ್ಟುಕೊಳ್ಳಂಗಿಲ್ಲ. ಅದಕ್ಕೇ ಹೂವಿನ ಮ್ಯಾಲ ಬಿದ್ದ ಆಣಿಕಲ್ಲು ಅದಕ್ಕ ಅಷ್ಟು ಪೆಟ್ಟು. ಎಲಿ ಆಡೋ ವಯಸ್ಸಿನಾಗ, ಡಿಸೆಂಬರದಾಗ ಬಿದ್ದಿದ್ರ ಹದಿನೈದು ದಿನದಾಗ ಹೊಸ ಎಲಿ ಬಂದು ಮರೀತಿತ್ತು.

ನೆಗೆಣ್ಣಿ ಹೊಲದಾಗ ಎರಡು ವಾರಕ್ಕ ಬುಡದಿಂದ ಹಿಂದಿನ ದಿಂಡು ಎದ್ದವು. ಸಣ್ಣವು, ಗೊಂಡೆ ನಿಂಬಿಕಾಯಷ್ಟು. ಎಪ್ರಿಲ್ ಬಿಸಲಿಗಿ ಅವುಗಳಾಗ ಅರ್ಧಾ ಹೂ ಒಣಗಿ ಹೋದ್ವು, ಜೇನೂ ಕಮ್ಮಿ ಆಗಿದ್ವು. ಆದ್ರೂ ಮೊದಲಿನ ಹತ್ತರಾಗ ನಾಲ್ಕು ಉಳದಿದ್ದು, ಹಿಂದಿಂದ ಬಂದಿದ್ದು ಎರಡೂ ಕೂಡಿ ಕೊಯ್ದಾಗ, ಗೊಂಡೆದಾಗ ಕರಿ ಬೀಜ ಅಲ್ಲಲ್ಲಿ ಬಾಯಿ ಬಿಟ್ಟ ಮ್ಯಾಲ, ತಡವಲ್ಲಿ ಮ್ಯಾಲ ಒಣಗಿಸಿ ತಿಕ್ಕಿ ತೂರಿ ತೂಕ ಮಾಡಿದ್ರ 46 ಕಿಲೋ ಆಯ್ತು. ಮೊರದಾಗ ಕೇರೋ ಕೆಲಸ ನಮ್ಮ ಓಣಿ ಐದು ಮಂದಿ ಹೆಣ್ಮಕ್ಕಳು ಕೂಡಿ ಮಾಡಿದ್ವಿ. ಜೊಳ್ಳು ತೆಗಿಲಾಕ ಬೀಜ ನೀರಿನಾಗ ಹಾಕಿ ತೇಲಿದ್ದು ತೆಗೆದು, ಮುಳುಗಿದ್ದು ಅವತ್ತೇ ನೆರಳಿನಾಗ ಹರವಿ ಒಣಗಿಸಬೇಕು. ಉಳ್ಳಾಗಡ್ಡಿ ಬೀಜ ಹಳಿ ಆದ್ರ ಕೆಲಸಕ್ಕ ಬರಂಗಿಲ್ಲ, ಒಂದು ವರ್ಷ ದಾಟಿದ್ರ ಮೊಳಕಿ ಕಮ್ಮಿ ಆಗ್ತದ.

ಸಂಘದ ಸಾಲ ಹರೀತು. ಫೀಸಿಗಿ ಸಾಲಲಿಲ್ಲ, ಆಕಿ ಕಿವಿಯಾಗಿನ ಝುಮಕಿ ಇಟ್ಟು ಕಟ್ಟಿದ್ಲು. ಪರಿಹಾರದ ಅರ್ಜಿ ಕೊಟ್ಟೀವಿ, ಇನ್ನೂ ಬಂದಿಲ್ಲ. ಹುಡುಗಿ ಮೊದಲನೇ ವರ್ಷ ಪಾಸಾಗ್ಯಾಳ.

ಈ ಸಲ ಆಕಿ ಎರಡು ಪಾಳಿ ಮಾಡಿ ಊರ್ತೀನಿ ಅಂತಾಳ, ಅರ್ಧಾ ಗಡ್ಡಿ ದಸರಾಕ್ಕ, ಅರ್ಧಾ ದೀಪಾವಳಿಗಿ. ಮೊದಲಿನದು ಅರಳಿದಾಗ ಎರಡನೇದರದು ಇನ್ನೂ ಎಲಿ ಮರಿಗಿ ಇರ್ತದ, ಆಣಿಕಲ್ಲು ಬಿದ್ರೂ ಒಂದಕ್ಕ ಹೊಡೀತದ, ಎರಡಕ್ಕೂ ಹೊಡಿಯಂಗಿಲ್ಲ ಅನ್ನೋದು ಆಕಿ ಲೆಕ್ಕ. ಎರಡನೇ ಪಾಳಿದು ಬಿಸಲಿಗಿ ಸಿಗ್ತದ, ಬೀಜ ಕಮ್ಮಿ ಅಂತ ಮೈದುನ ವಾದ ಮಾಡ್ತಾನ. ಇಬ್ಬರದೂ ಖರೇ ಅದ. ಗಡ್ಡಿ ಮಾತ್ರ ಆರಿಸಿ ಪಡಸಾಲ್ಯಾಗ ಬಿದಿರಿನ ತಟ್ಟಿ ಮ್ಯಾಲ ಹರವಿಟ್ಟಾಳ, ವಾರಕ್ಕೊಮ್ಮಿ ಕೈಯಾಡಿಸಿ ಮೆತ್ತಗಾದದ್ದು ತೆಗೀತಾಳ. ನಿನ್ನಿ ತೆಗೆದ ಎರಡು ನಮ್ಮ ಮನಿಗಿ ಬಂದವು, ಝುಣಕಕ್ಕ.